ದೇವರ ಸಿನಿಮಾಕ್ಕೆ ನಾನು ಮಾತು ಹೇಳಿದ್ದು

ಡಿಸೆಂಬರಿನ ಒಂದು ಮಧ್ಯಾಹ್ನ ಆಳಂದದ ನಮ್ಮ ಶಾಲೆಯ ಗಣಿತದ ಮಾಸ್ತರರು ಸ್ಟಾಫ್ ರೂಮಿನಲ್ಲಿ ನನ್ನ ಎದುರು ಕೂತು, ಬಹಳ ಹೊತ್ತು ಬೇರೆ ಏನೇನೋ ಮಾತಾಡಿ, ಕೊನೆಗೆ ಜೇಬಿನಿಂದ ಒಂದು ಪೆನ್ ಡ್ರೈವ್ ತೆಗೆದು ಕೊಟ್ಟರು. ಅದರಲ್ಲಿ ಒಂದು ಹಳೆಯ ಹಾಲಿವುಡ್ ಸಿನಿಮಾ ಇತ್ತು. ಐಗುಪ್ತದ, ಅಂದರೆ ಈಜಿಪ್ಟಿನ, ಅರಸನ ಕೈಕೆಳಗೆ ಗುಲಾಮರಾಗಿದ್ದ ಜನರನ್ನು ಒಬ್ಬ ಪ್ರವಾದಿ ಬಿಡಿಸಿಕೊಂಡು ಹೋಗುತ್ತಾನಲ್ಲ, ಸಮುದ್ರ ಎರಡಾಗಿ ದಾರಿ ಬಿಡುತ್ತದಲ್ಲ, ಆ ಕತೆ. ಮಾಸ್ತರರು ಜೇವರ್ಗಿಯ ಕಡೆಯವರು, ಕ್ರೈಸ್ತರು. ಅವರ ಊರಿನ ಪ್ರಾರ್ಥನಾ ಮಂದಿರದಲ್ಲಿ ಕ್ರಿಸ್‌ಮಸ್ ರಜೆಯಲ್ಲಿ ಆ ಸಿನಿಮಾ ತೋರಿಸುವುದೆಂದು ನಿಶ್ಚಯವಾಗಿತ್ತಂತೆ. ಆದರೆ ಅದು ಇಂಗ್ಲಿಷಿನಲ್ಲಿತ್ತು. ಹಿಂದಿಯದು ಸಿಕ್ಕಿತ್ತಂತೆ, ಆದರೆ ಮಂದಿರದ ಮುದುಕಿಯರು ಬೇಡವೆಂದರಂತೆ. ಹಿಂದಿಯಲ್ಲಿ ದೇವರು ಮಾತಾಡಿದರೆ ಬ್ಯಾಂಕಿನವರು ಮಾತಾಡಿದ ಹಾಗೆ ಕೇಳುತ್ತದೆ ಎಂದು ಅವರ ತಕರಾರು. ಪರದೆಯ ಪಕ್ಕದಲ್ಲಿ ಮೈಕು ಹಿಡಿದು ಕೂತು, ಸಿನಿಮಾ ಓಡುತ್ತಿರುವಾಗಲೇ ಅದರ ಮಾತನ್ನು ಕನ್ನಡದಲ್ಲಿ ಹೇಳುವವರು ಬೇಕಾಗಿದ್ದರು. ನಾನು ಇಂಗ್ಲಿಷ್ ಕಲಿಸುತ್ತೇನೆ. ಅಷ್ಟೇ ನನ್ನ ಅರ್ಹತೆ.

ನಾನು ತಕ್ಷಣ ಒಪ್ಪಲಿಲ್ಲ. ನಾವು ಬೌದ್ಧರು. ನಾನು ಐದನೇ ತರಗತಿಯಲ್ಲಿದ್ದಾಗ ನಮ್ಮ ಓಣಿಯ ಮಂದಿಯೆಲ್ಲ ಲಾರಿಯಲ್ಲಿ ಕಲಬುರಗಿಗೆ ಹೋಗಿ, ಬಿಳಿ ಬಟ್ಟೆ ಉಟ್ಟು, ಬೌದ್ಧರಾಗುವ ಪ್ರತಿಜ್ಞೆಗಳನ್ನು ಒಂದೊಂದಾಗಿ ಹೇಳಿ ಬಂದಿದ್ದೆವು. ದೇವರಿದ್ದಾನೆ ಎನ್ನುವವರ ಸಿನಿಮಾಕ್ಕೆ ದೇವರಿಲ್ಲದ ಮನೆಯವಳು ಬಾಯಿಯಾಗುವುದು ಸರಿಯೇ ಎಂದು ಕೇಳಿದೆ. ಮಾಸ್ತರರು ನಕ್ಕು, ನಂಬಿಕೆ ನಮಗಿದೆ, ನಮಗೆ ಬೇಕಿರುವುದು ವ್ಯಾಕರಣ ಎಂದರು. ಆ ಮಾತಿಗೆ ನನಗೂ ನಗು ಬಂದು ಪೆನ್ ಡ್ರೈವ್ ಚೀಲಕ್ಕೆ ಹಾಕಿಕೊಂಡೆ. ಒಪ್ಪಿದ್ದೆನೋ ಇಲ್ಲವೋ ಎಂಬುದು ಮನೆ ಮುಟ್ಟುವವರೆಗೂ ನನಗೆ ಸ್ಪಷ್ಟವಿರಲಿಲ್ಲ.

ಮನೆಯಲ್ಲಿ ನಾನು ಮತ್ತು ಅವ್ವ. ಅವ್ವನಿಗೆ ಈಗ ಎಪ್ಪತ್ತು ದಾಟಿದೆ. ನನ್ನ ಓದು ಮುಗಿಯುವ ತನಕ ಅವಳು ಆಳಂದದ ಸುತ್ತಿನ ಇಟ್ಟಂಗಿ ಭಟ್ಟಿಗಳಲ್ಲಿ ಕೆಲಸ ಮಾಡಿದಳು. ಮಣ್ಣು ತುಳಿದು, ಅಚ್ಚು ಹಾಕಿ, ಸುಟ್ಟ ಇಟ್ಟಂಗಿಯನ್ನು ತಲೆಯ ಮೇಲೆ ಹೊತ್ತವಳು. ಭಾನುವಾರ ಬೆಳಿಗ್ಗೆ ಟಿವಿಗೆ ಪೆನ್ ಡ್ರೈವ್ ಸಿಕ್ಕಿಸಿ ನಾನು ನೋಟ್‌ಬುಕ್ಕು ಹಿಡಿದು ಕೂತಾಗ ಅವಳು ಒಂದು ಮೊರ ತೊಗರಿಬೇಳೆ ಇಟ್ಟುಕೊಂಡು ಹರಳು ಆರಿಸುತ್ತ ನನ್ನ ಪಕ್ಕ ಕೂತಳು.

ಸಿನಿಮಾ ಮೂರೂವರೆ ತಾಸಿಗೂ ಮಿಗಿಲು. ಮೊದಲ ಒಂದು ತಾಸಿನಲ್ಲಿ ನನಗೆ ಅದರ ಮೇಲೆ ಸಿಟ್ಟೇ ಬಂತು. ಐಗುಪ್ತದವರ ಪಾತ್ರಕ್ಕೆಲ್ಲ ಬಿಳಿಯರು, ಮುಖಕ್ಕೆ ಕಂದು ಬಣ್ಣ ಬಳಿದುಕೊಂಡಿದ್ದರು. ಕೆಲವರ ಕುತ್ತಿಗೆಯ ಕೆಳಗೆ ಬಣ್ಣ ಮುಗಿದುಹೋದದ್ದು ಕಾಣುತ್ತಿತ್ತು. ಗುಲಾಮರ ಹುಡುಗಿಯ ತುಟಿಗೆ ಕೆಂಪು, ಕೂದಲಿಗೆ ಗುಂಗುರು. ಎಲ್ಲರೂ ಬಹುಮಾನ ವಿತರಣೆಯ ಭಾಷಣದಂತೆ ನಿಧಾನವಾಗಿ, ಎದೆ ಉಬ್ಬಿಸಿ ಮಾತಾಡುತ್ತಿದ್ದರು. ಗುಲಾಮರ ಕತೆ ಹೇಳುತ್ತೇವೆಂದು ಹೊರಟವರು ಮೂರು ಪಾಲಿನಲ್ಲಿ ಎರಡು ಪಾಲು ಅರಮನೆಯಲ್ಲೇ ಕಳೆದಿದ್ದರು. ಚಿನ್ನದ ಕುರ್ಚಿ, ನವಿಲುಗರಿ, ಕೊಳ, ಕಣ್ಣಿಗೆ ಉದ್ದಕ್ಕೆ ಕಾಡಿಗೆ ತೀಡಿಕೊಂಡ ರಾಣಿ. ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆಯುತ್ತ ಬರೆಯುತ್ತ, ರಾಣಿ ಮತ್ತೆ ಯಾವಾಗ ಬರುತ್ತಾಳೆಂದು ಕಾಯುತ್ತಿರುವುದೂ ಗೊತ್ತಾಯಿತು. ಕೆಟ್ಟ ಅರಸನ ನಡಿಗೆಯನ್ನು ನೋಡುತ್ತಲೇ ಇರಬೇಕೆನಿಸುತ್ತಿತ್ತು. ಒಳ್ಳೆಯ ಪ್ರವಾದಿ ಬಂದರೆ ಇನ್ನೇನು ಉಪದೇಶ ಶುರುವಾಗುತ್ತದೆ ಎಂದು ಬೇಸರ. ಇದು ಸಿನಿಮಾದ ದೋಷವೋ ನನ್ನದೋ ತಿಳಿಯಲಿಲ್ಲ.

ಅವ್ವನ ತಕರಾರುಗಳು ಬೇರೆ ಇದ್ದವು. ಗುಲಾಮರು ಕೆಸರಿನ ಹೊಂಡದಲ್ಲಿ ಇಟ್ಟಂಗಿಗೆ ಮಣ್ಣು ತುಳಿಯುವ ದೃಶ್ಯ ಬಂದಾಗ ಅವಳು ಮೊರ ಕೆಳಗಿಟ್ಟಳು.

"ಇವರ ಕಾಲ ನೋಡಬೇ. ವರ್ಷಗಟ್ಟಲೆ ಕೆಸರ ತುಳದವರ ಕಾಲ ಹಿಂಗ ಇರ್ತಾವೇನು? ಬೆರಳಿನ ಸಂದ್ಯಾಗ ಒಂದ ಹುಣ್ಣಿಲ್ಲ."

ಅಷ್ಟು ಮಂದಿಗೆ ಒಬ್ಬಳೇ ಹುಡುಗಿ ನೀರು ಕೊಡುವುದು ಅವಳಿಗೆ ಹಿಡಿಸಲಿಲ್ಲ. ಅಡಿಗೆ ಯಾರು ಮಾಡುತ್ತಾರೆ, ಕೂಸುಗಳನ್ನು ಎಲ್ಲಿ ಮಲಗಿಸಿದ್ದಾರೆ ಎಂದು ಕೇಳಿದಳು. ಅರಸ ಸಿಟ್ಟಿನಲ್ಲಿ, ಇನ್ನು ಮುಂದೆ ಇಟ್ಟಂಗಿಗೆ ಹುಲ್ಲು ಕೊಡುವುದಿಲ್ಲ ಎಂದದ್ದನ್ನು ನಾನು ಕನ್ನಡದಲ್ಲಿ ಹೇಳಿದಾಗ ಅವಳು ನಿಜವಾಗಿಯೂ ತಬ್ಬಿಬ್ಬಾದಳು.

"ಹುಲ್ಲ ಹಾಕಲಿಲ್ಲಂದ್ರ ಇಟ್ಟಂಗಿ ಬಿರೀತಾವ. ಅರಸಗ ಅಷ್ಟ ತಿಳಿಯಾಂಗಿಲ್ಲೇನು? ಬೀಳಾದು ಅವನ ಮನಿನೇ ಅಲ್ಲೇನು?"

ಎಷ್ಟೋ ಸಲ ಓದಿದ್ದ ಕತೆ ಅದು. ಆ ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ.

ಗುಲಾಮರು ಬಿಡುಗಡೆಯಾಗಿ ಹೊರಡುವ ದೃಶ್ಯದಲ್ಲಿ ಮಾತ್ರ ಅವ್ವ ತಕರಾರು ಮಾಡಲಿಲ್ಲ. ಈಗಿನ ಸಿನಿಮಾಗಳ ಹಾಗೆ ಕಂಪ್ಯೂಟರಿನಲ್ಲಿ ಮಾಡಿದ ಗುಂಪಲ್ಲ ಅದು. ಸಾವಿರಾರು ಮಂದಿ ಖರೆಖರೆ ಮನುಷ್ಯರು, ಮರಳುಗಾಡಿನಲ್ಲಿ, ಗಂಟುಮೂಟೆ ಹೊತ್ತು, ಕುರಿ ಹೊಡೆದುಕೊಂಡು, ಮುದುಕರನ್ನು ಬೆನ್ನ ಮೇಲೆ ಕೂರಿಸಿಕೊಂಡು ನಡೆಯುತ್ತಿದ್ದರು. ಆ ನಾಡಿನ ಬಡವರನ್ನೇ ಕರೆತಂದು ನಿಲ್ಲಿಸಿರಬೇಕು; ಅವರೂ ಕೂಲಿಯವರೇ. ಗುಂಪಿನಲ್ಲಿ ಒಬ್ಬ ಮುದುಕಿ ನಡೆಯುವುದನ್ನು ಮರೆತು, ಕ್ಯಾಮೆರಾದ ಕಡೆ ತಿರುಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಸಿನಿಮಾದವರ ಲೆಕ್ಕದಲ್ಲಿ ಅದು ತಪ್ಪು. ಅವ್ವ ಹಿಂದಕ್ಕೆ ಹೋಗು ಎಂದಳು. ಮೂರು ಸಲ ಹಿಂದಕ್ಕೆ ಹೋಗಿ ಆ ಮುದುಕಿಯನ್ನು ನೋಡಿದೆವು.

"ಆಕಿ ನಮ್ಮನ್ನ ನೋಡಾಕತ್ತಾಳ," ಎಂದಳು ಅವ್ವ.

ಅವ್ವನ ಕಣ್ಣು ತುಂಬಿದ್ದವು. ಏನಾಯಿತೆಂದು ಕೇಳಿದೆ. ನಾವೂ ಒಂದು ದಿನ ಹೀಗೆಯೇ ಎಲ್ಲ ಬಿಟ್ಟು ಹೋದೆವಲ್ಲ ಎಂದಳು. ಆಮೇಲೆ ತಾನೇ ತಿದ್ದಿಕೊಂಡಳು: "ಖರೆ, ಸಂಜಿಗಿ ತಿರುಗಿ ಅದೇ ಮನಿಗಿ ಬಂದೇವಿ." ನಾವು ಬಿಳಿ ಬಟ್ಟೆ ಉಟ್ಟು ಹೋಗಿ ಬಂದ ಮರುದಿನ ಅವಳು ಅದೇ ಭಟ್ಟಿಗೆ, ಅದೇ ಮಾಲಕನ ಹತ್ತಿರ ಕೆಲಸಕ್ಕೆ ಹೋಗಿದ್ದಳು. ನಮಗಾಗಿ ಯಾವ ಸಮುದ್ರವೂ ಎರಡಾಗಿರಲಿಲ್ಲ. ಆದರೂ ಏನೋ ಎರಡಾಗಿತ್ತು, ಇಲ್ಲದಿದ್ದರೆ ನಾನು ಇಂಗ್ಲಿಷ್ ಕಲಿಯುತ್ತಿರಲಿಲ್ಲ. ಬಣ್ಣ ಬಳಿದುಕೊಂಡ ಬಿಳಿಯರ ಸಿನಿಮಾ ನೋಡುತ್ತ ನಮ್ಮ ಮನೆಯ ಆ ದಿನ ಯಾಕೆ ನೆನಪಾಗಬೇಕು ಎಂಬುದೇ ನನಗೆ ಅರ್ಥವಾಗಲಿಲ್ಲ.

ಮಾತು ಬರೆಯಲು ಕೂತಾಗ ಇನ್ನೊಂದು ತೊಡಕು ಬಂತು. ಇಂಗ್ಲಿಷಿನಲ್ಲಿ ಎಲ್ಲರೂ ಎಲ್ಲರಿಗೂ ಒಂದೇ ಸರ್ವನಾಮ ಬಳಸುತ್ತಾರೆ. ಕನ್ನಡದಲ್ಲಿ ಹಾಗಿಲ್ಲ. ಪ್ರವಾದಿ ಅರಸನ ಮುಂದೆ ನಿಂತು ನಮ್ಮ ಜನರನ್ನು ಬಿಡು ಎನ್ನಬೇಕೋ, ಬಿಡಿರಿ ಎನ್ನಬೇಕೋ? ಸತ್ಯವೇದದ, ಅಂದರೆ ಬೈಬಲಿನ, ಹಳೆಯ ಕನ್ನಡದಲ್ಲಿ ಇದಕ್ಕೆ ತೊಂದರೆಯಿಲ್ಲ, ಅಲ್ಲಿ ಎಲ್ಲರೂ ಏಕವಚನದವರು. ಆದರೆ ನನ್ನ ಅಪ್ಪ ತನ್ನ ಜೀವಮಾನದಲ್ಲಿ ಊರಿನ ದೊಡ್ಡವರ ಮುಂದೆ ಏಕವಚನ ಆಡಿದ್ದಿಲ್ಲ. ಧಣಿ ಎಂದು ಬಾಗುವುದನ್ನು ಬಿಟ್ಟ ಮೇಲೂ 'ರಿ' ಬಿಟ್ಟಿರಲಿಲ್ಲ. ನಾನು ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದಾಗ ಒಳಗಿನಿಂದ ಅವ್ವ ಕೇಳಿದಳು, "ಅರಸಗ 'ಬಿಡು' ಅಂತಾನೇನು? 'ಬಿಡ್ರಿ' ಅನ್ನಾಂಗಿಲ್ಲ?" ಹೌದು, ಬಿಡು ಎನ್ನುತ್ತಾನೆ ಎಂದೆ. ಅವಳು ಬಾಗಿಲಿಗೆ ಬಂದು ನಿಂತು ಇನ್ನೊಮ್ಮೆ ಓದಿಸಿಕೊಂಡಳು.

ದೇವರ ಮಾತು ಇನ್ನೂ ಕಷ್ಟವಾಯಿತು. ಸಿನಿಮಾದಲ್ಲಿ ದೇವರ ದನಿ ಗವಿಯೊಳಗಿಂದ ಬಂದಂತೆ ಇತ್ತು, ಒಂದು ವಾಕ್ಯ ಮುಗಿಯಲು ಅರ್ಧ ನಿಮಿಷ. ಅದಕ್ಕೆ ಪುಸ್ತಕದ ಕನ್ನಡ ಹಚ್ಚಿದರೆ ನನ್ನ ಬಾಯಲ್ಲಿ ಸರ್ಕಾರಿ ಸುತ್ತೋಲೆಯಾಗುತ್ತಿತ್ತು. ನಮ್ಮ ಮಾತು ಹಚ್ಚಿದರೆ ಓಣಿಯ ಹಿರಿಯ ಕಟ್ಟೆಯ ಮೇಲೆ ಕೂತು ಕರೆದಂತೆ. ಮಾಸ್ತರರನ್ನು ಕೇಳಿದೆ. ಅವರು ತಲೆ ಕೆರೆದುಕೊಂಡು, ತಾವು ಪ್ರಾರ್ಥನೆ ಮಾಡುವಾಗ ಪುಸ್ತಕದ ಕನ್ನಡವನ್ನೇ ಆಡುವುದಾಗಿಯೂ, ಆದರೆ ತಮ್ಮ ತಾಯಿ ಸಾಯುವ ಕಾಲಕ್ಕೆ ಊರಿನ ಮಾತಿನಲ್ಲೇ ದೇವರೊಡನೆ ಜಗಳವಾಡಿದರೆಂದೂ ಹೇಳಿದರು. ಇದರಿಂದ ನನಗೆ ಸಹಾಯವಾಗಲಿಲ್ಲ. ಕೊನೆಗೆ ದೇವರಿಗೆ ಪುಸ್ತಕದ ಮಾತು, ಗುಲಾಮರಿಗೆ ನಮ್ಮ ಮಾತು, ಅರಸನಿಗೆ ಬೆಂಗಳೂರಿನ ಟಿವಿಯ ಮಾತು ಎಂದು ಹಂಚಿದೆ.

ಜೇವರ್ಗಿಯ ಮಂದಿರ ತಗಡಿನ ಮಾಡಿನ ಉದ್ದನೆಯ ಕೋಣೆ. ಮಧ್ಯಾಹ್ನದ ಊಟವಾದ ಮೇಲೆ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದರು. ಬಿಳಿ ಗೋಡೆಯೇ ಪರದೆ. ಐವತ್ತು ಅರವತ್ತು ಮಂದಿ ಚಾಪೆಗಳ ಮೇಲೆ ಕೂತಿದ್ದರು, ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು. ಅಲ್ಲಿನ ಪಾದ್ರಿಗಳು, ಸಭಾಪಾಲಕರು, ವಯಸ್ಸಾದವರು, ಮೆತ್ತಗಿನ ಮನುಷ್ಯ. ರಾಣಿಯ ಪ್ರೇಮದ ಮಾತುಗಳನ್ನು ಜರಾ ಕಡಿಮೆ ಮಾಡಬೇಕೆಂದು ಮೊದಲೇ ಕೇಳಿಕೊಂಡಿದ್ದರು. ಹಾಗಾಗಿ ರಾಣಿ ಪ್ರವಾದಿಯ ಹೆಗಲಿಗೆ ಒರಗಿ ಎರಡು ನಿಮಿಷ ಮಾತಾಡಿದಾಗಲೆಲ್ಲ ನಾನು, ಈಕೆಗೆ ಇವನ ಮೇಲೆ ಮನಸ್ಸಿದೆ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಮೂರನೆಯ ಸಲಕ್ಕೆ ಹೆಂಗಸರ ಕಡೆಯಿಂದ ಕಿಸಕ್ಕನೆ ನಗು ಬಂತು.

ಪ್ರವಾದಿ ಅರಸನಿಗೆ ಬಿಡು ಎಂದಾಗ ಗಂಡಸರ ಕಡೆಯಿಂದ ಒಬ್ಬ ಮುದುಕ ನಿಧಾನವಾಗಿ "ಹಾಂ" ಎಂದ. ಸಮುದ್ರದ ದೃಶ್ಯದಲ್ಲಿ ನಾನು ಮೈಕು ಕೆಳಗಿಟ್ಟೆ. ನೀರಿನ ಗೋಡೆಯ ಮುಂದೆ ನಡೆಯುವವರ ಮೈಯ ಸುತ್ತ ಒಂದು ನೀಲಿ ಗೆರೆ ಇರುವುದನ್ನು, ಎರಡು ಚಿತ್ರಗಳನ್ನು ಅಂಟಿಸಿದ ಗುರುತು ಅದೆಂಬುದನ್ನು, ಟಿವಿಯಲ್ಲಿ ನೋಡಿ ಬರೆದುಕೊಂಡಿದ್ದೆ. ಗೋಡೆಯ ಮೇಲೆ ಅದು ಇನ್ನೂ ದೊಡ್ಡದಾಗಿ ಕಂಡಿತು. ಆದರೂ ನನ್ನ ಮೈಮೇಲಿನ ಕೂದಲು ನಿಮಿರಿದವು. ಸುಳ್ಳೆಂದು ಕಣ್ಣಿಗೆ ಕಾಣುತ್ತಿದ್ದುದಕ್ಕೆ ಮೈ ಯಾಕೆ ಹಾಗೆ ಜವಾಬು ಕೊಡಬೇಕು?

ತಪ್ಪು ನಡೆದದ್ದು ಆಮೇಲೆ. ಪ್ರವಾದಿ ದೇವರ ಆಜ್ಞೆ ತರಲು ಬೆಟ್ಟ ಹತ್ತುತ್ತಾನೆ. ನಲವತ್ತು ದಿನ ಬರುವುದಿಲ್ಲ. ಕೆಳಗಿದ್ದ ಜನ ಕಾದು ಕಾದು, ಅವನು ಸತ್ತನೆಂದು ತಿಳಿದು, ಬಂಗಾರದ ಕರು ಮಾಡಿ ಅದರ ಮುಂದೆ ಕುಣಿಯುತ್ತಾರೆ. ಈ ಕುಣಿತವನ್ನು ಸಿನಿಮಾದವರು ಬಹಳ ಖುಷಿಯಿಂದ ತೆಗೆದಿದ್ದರು. ಬೈಯುವ ನೆಪದಲ್ಲಿ ಹತ್ತು ನಿಮಿಷ ತೋರಿಸಿದ್ದರು. ಆಮೇಲೆ ಪ್ರವಾದಿ ಇಳಿದು ಬಂದು ಗುಡುಗುತ್ತಾನೆ, ಭೂಮಿ ಬಿರಿದು ಜನರನ್ನು ನುಂಗುತ್ತದೆ. ನನ್ನ ಹಾಳೆಯಲ್ಲಿ ಅವನ ಸಿಟ್ಟಿನ ಮಾತುಗಳಿದ್ದವು. ಆದರೆ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕಿ, ಪರದೆಯ ಮೇಲಿನ ಜನ ಹೆದರಿ ಹಿಂದೆ ಸರಿದಾಗ, ತಾನೂ ಕೂತಲ್ಲೇ ಹಿಂದೆ ಸರಿದಳು. ಅದನ್ನು ನೋಡಿ ನನಗೆ ಓದಲಾಗಲಿಲ್ಲ. ಕೆಸರು ತುಳಿದು, ಹೊರಟು ಬಂದು, ಮರಳಿನಲ್ಲಿ ಕಾದವರು ಇವರು. ನನ್ನ ಬಾಯಿಂದ ಬೇರೆಯೇ ಮಾತು ಬಂತು. ನಾನು ಬರುವುದು ತಡವಾಯಿತು, ನೀವು ಹೆದರಿದಿರಿ, ನನ್ನದೂ ತಪ್ಪಿದೆ ಎಂದು ಪ್ರವಾದಿಯಿಂದ ಹೇಳಿಸಿದೆ.

ಹಾಗೆ ಹೇಳಿ ಮುಗಿಸುವಷ್ಟರಲ್ಲಿ ಗೋಡೆಯ ಮೇಲೆ ಅವನು ಕಲ್ಲಿನ ಹಲಗೆ ಎತ್ತಿ ಒಗೆದ, ಭೂಮಿ ಬಿರಿಯಿತು, ಜನ ಕೂಗುತ್ತ ಒಳಗೆ ಬಿದ್ದರು.

ಕೋಣೆಯಲ್ಲಿ ಗುಸುಗುಸು ಆಯಿತು. ಮುಂದಿನ ಸಾಲಿನ ಆ ಮುದುಕಿಯೇ ನನ್ನ ಕಡೆ ತಿರುಗಿ ಕೇಳಿದಳು, "ತನ್ನ ತಪ್ಪದ ಅಂದಾನಲ್ರಿ, ಮತ್ತ ಯಾಕ ಸಾಯಿಸಾಕತ್ತಾನ?"

ಮೈಕು ನನ್ನ ಕೈಯಲ್ಲಿತ್ತು. ಮಾಸ್ತರರು ಪ್ರೊಜೆಕ್ಟರಿನ ಪಕ್ಕದಿಂದ ನನ್ನನ್ನೇ ನೋಡುತ್ತಿದ್ದರು. ಸಭಾಪಾಲಕರು ಎದ್ದು, ಸಿನಿಮಾ ನಿಲ್ಲಿಸಿ, ಸತ್ಯವೇದ ತೆರೆದು ಆ ಭಾಗವನ್ನು ಓದಿ ವಿವರಿಸಿದರು. ನನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ ಹೆಂಗಸರು ಬಂದು ನನ್ನ ಕೈ ಹಿಡಿದು ಛಲೋ ಹೇಳಿದಿರಿ ಎಂದರು. ಹಾಗೆ ಹೇಳಿದಷ್ಟೂ ನನಗೆ ನಾಚಿಕೆಯಾಯಿತು.

ವಾಪಸು ಬರುವಾಗ ಕಲಬುರಗಿಯಲ್ಲಿ ಆಳಂದದ ಬಸ್ಸು ಹತ್ತಿ ಕೂತ ಮೇಲೆ, ಕಿಟಕಿಯ ಹೊರಗೆ ನೋಡುತ್ತಲೇ ಮಾಸ್ತರರು ಹೇಳಿದರು.

"ಮೇಡಂ, ನಿಮಗ ಕನಿಕರ ಬಂತು, ತಿಳೀತದ. ಖರೆ ಅದು ನಮ್ಮ ಕತಿ ಅದರಿ. ನಿಮ್ಮ ಕತಿ ಯಾರರ ಹಿಂಗ ತಿದ್ದಿದ್ರ ನೀವು ಸುಮ್ನ ಇರ್ತಿದ್ರೇನ್ರಿ?"

ಇರುತ್ತಿರಲಿಲ್ಲ. ನಾವು ಹೇಳಿದ ಪ್ರತಿಜ್ಞೆಗಳನ್ನು ಯಾರಾದರೂ ಮೆತ್ತಗೆ ಮಾಡಿ ಹೇಳಿದ್ದರೆ ನಾನೇ ಮೊದಲು ಜಗಳಕ್ಕೆ ನಿಲ್ಲುತ್ತಿದ್ದೆ. ಅದನ್ನು ಅವರಿಗೆ ಹೇಳಿದೆ, ಕ್ಷಮೆಯನ್ನೂ ಕೇಳಿದೆ. ಕೇಳಿದ ಮೇಲೂ ಒಳಗೆ ಒಂದು ಸಿಟ್ಟು ಉಳಿಯಿತು. ಆ ಕತೆಯನ್ನು ಸಿನಿಮಾದವರು ಆಗಲೇ ತಿದ್ದಿದ್ದರಲ್ಲ? ಸತ್ಯವೇದದಲ್ಲಿ ಇಲ್ಲದ ರಾಣಿಯನ್ನು ತಂದಿದ್ದರಲ್ಲ? ಅದು ನಡೆಯುತ್ತದೆ, ನನ್ನ ಒಂದು ಮಾತು ನಡೆಯುವುದಿಲ್ಲವೇ? ಇದನ್ನು ಕೇಳಲಿಲ್ಲ. ಕೇಳಿದ್ದರೆ ಅವರ ಹತ್ತಿರ ಉತ್ತರ ಇರುತ್ತಿತ್ತೇನೋ.

ಇನ್ನು ನನ್ನನ್ನು ಕರೆಯುವುದಿಲ್ಲ ಎಂದುಕೊಂಡಿದ್ದೆ. ಆದರೆ ಮಾರ್ಚಿನಲ್ಲಿ ಅವರೇ ಬಂದು, ಅಫಜಲಪುರದಲ್ಲಿ ತಮ್ಮ ಅಕ್ಕನ ಮನೆಯ ಹತ್ತಿರದ ಮಂದಿರದಲ್ಲಿ ಗುಡ್ ಫ್ರೈಡೇಗೆ ಮುಂಚಿನ ಭಾನುವಾರ ಇನ್ನೊಂದು ಸಿನಿಮಾ ಇದೆ ಎಂದರು. ಅದೂ ಅದೇ ಕಾಲದ್ದು, ಅಷ್ಟೇ ಉದ್ದದ್ದು. ಅದು ಕರ್ತನ ಕತೆ, ಶಿಲುಬೆಯ ಕತೆ. ನಾನೇ ಯಾಕೆ ಎಂದೆ. ಜೇವರ್ಗಿಯವರು ಅಫಜಲಪುರದವರಿಗೆ ಹೇಳಿದ್ದಾರೆ, ಆ ಟೀಚರೇ ಬೇಕಂತೆ ಎಂದರು. ಆಮೇಲೆ ದನಿ ಇಳಿಸಿ, ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದು ಕೇಳಿಕೊಂಡರು. ನಾನು ಮಾತು ಕೊಟ್ಟೆ.

ಈ ಸಲ ಅವ್ವನೂ ಬರುತ್ತೇನೆಂದು ಹೊರಟಳು. ಬಿಸಿಲು ಆಗಲೇ ಬಲಿತಿತ್ತು. ಅಫಜಲಪುರದ ಕೋಣೆಯಲ್ಲಿ ಕಿಟಕಿಗಳಿಗೆ ಪ್ಲಾಸ್ಟಿಕ್ಕಿನ ತಾಡಪತ್ರಿ ಕಟ್ಟಿದ್ದರಿಂದ ಗಾಳಿಯೂ ಇರಲಿಲ್ಲ. ಮಾಸ್ತರರ ಅಕ್ಕ ಅವ್ವನನ್ನು ತನ್ನ ಪಕ್ಕ ಕೂರಿಸಿಕೊಂಡು ಕೈಗೆ ಬೀಸಣಿಗೆ ಕೊಟ್ಟಳು.

ನಾನು ಒಂದಕ್ಷರ ಹೆಚ್ಚುಕಡಿಮೆ ಮಾಡಲಿಲ್ಲ. ಇಂಗ್ಲಿಷಿನಲ್ಲಿ ಎಷ್ಟಿತ್ತೋ ಅಷ್ಟು ಹೇಳಿದೆ. ಆದರೆ ಆ ಸಿನಿಮಾ ಮೊದಲಿನದರ ಹಾಗಲ್ಲ. ಅದು ಭಯಭಕ್ತಿಯಿಂದ ಸೆಟೆದುಕೊಂಡಿತ್ತು. ಕರ್ತನ ಪಾತ್ರದವನ ಕಣ್ಣು ನೀಲಿ, ಕೂದಲು ಬಂಗಾರದ ಬಣ್ಣ, ರೆಪ್ಪೆ ಹೊಡೆಯುವುದೂ ಅಪರೂಪ. ಅವನು ನಡೆದರೆ ಧೂಳು ಏಳುತ್ತಿರಲಿಲ್ಲ. ಸುತ್ತಲಿನ ಮೀನುಗಾರರು ಅವನನ್ನು ಮುಟ್ಟಲು ಹೆದರಿದಂತೆ ದೂರ ನಿಲ್ಲುತ್ತಿದ್ದರು. ನನ್ನ ಕನ್ನಡವೂ ಹಾಗೆಯೇ ಸೆಟೆದುಕೊಂಡಿತು. ಮುಕ್ಕಾಲು ತಾಸಿನಲ್ಲಿ ಗಂಡಸರ ಕಡೆ ಒಬ್ಬಿಬ್ಬರು ಗೋಡೆಗೆ ಒರಗಿ ನಿದ್ದೆ ಹೋದರು. ನಾನು ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದೆ, ಕೇಳುವವರಿಗೆ ಬೇಡವಾಗುತ್ತಿತ್ತು. ಮಾಸ್ತರರ ಮುಖ ನೋಡಿದೆ. ಅವರೂ ಆಕಳಿಕೆ ತಡೆಯುತ್ತಿದ್ದರು.

ಕೊನೆಯ ಭಾಗಕ್ಕೆ ಬರುವ ಹೊತ್ತಿಗೆ ಕರೆಂಟು ಹೋಯಿತು. ಇನ್ವರ್ಟರಿನಿಂದ ಪ್ರೊಜೆಕ್ಟರ್ ಮತ್ತೆ ಹತ್ತಿತು, ಆದರೆ ದನಿಯ ಪೆಟ್ಟಿಗೆ ಹತ್ತಲಿಲ್ಲ. ಮಾಸ್ತರರು ವೈರು ಎಳೆದು, ಪ್ಲಗ್ಗು ಬದಲಿಸಿ ನೋಡಿದರು, ಆಗಲಿಲ್ಲ. ಚಿತ್ರ ಓಡುತ್ತಿತ್ತು, ಇಂಗ್ಲಿಷ್ ಕೇಳಿಸುತ್ತಿರಲಿಲ್ಲ. ಸಿನಿಮಾವನ್ನು ಮೊದಲೇ ನೋಡಿದ್ದೆ, ಬರೆದುಕೊಂಡೂ ಇದ್ದೆ. ಆದರೆ ಪರೀಕ್ಷೆಯ ಕೆಲಸದಲ್ಲಿ ಕೊನೆಯ ಅರ್ಧ ತಾಸಿನ ಮಾತು ಬರೆಯುವುದು ಉಳಿದಿತ್ತು. ಕೇಳುತ್ತ ಹೇಳಿದರಾಯಿತು ಎಂದುಕೊಂಡಿದ್ದೆ. ಈಗ ಊಹಿಸಿ ಹೇಳಬೇಕು, ಇಲ್ಲವೇ ಸುಮ್ಮನಿರಬೇಕು. ಊಹಿಸುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಸುಮ್ಮನಾದೆ.

ಗೋಡೆಯ ಮೇಲೆ ಶಿಲುಬೆ ಹೊತ್ತವನು ಬಿದ್ದ. ಆಗ ಅವ್ವ, ಪಕ್ಕದವಳಿಗೆ ಮಾತ್ರ ಕೇಳಲೆಂದು ಕೇಳಿದ್ದು ಇಡೀ ಕೋಣೆಗೆ ಕೇಳಿಸಿತು.

"ಇವನ ಅವ್ವ ಎಲ್ಲ್ಯಾಳ್ರಿ?"

"ಹಿಂದ ಬರಾಕತ್ತಾಳ ನೋಡ್ರಿ, ಆ ನೀಲಿ ಸೆರಗಿನಾಕಿ," ಎಂದಳು ಮಾಸ್ತರರ ಅಕ್ಕ.

"ಆಕಿನ್ನ ಹತ್ತಿರ ಬಿಡಾಂಗಿಲ್ಲೇನು?"

"ಸಿಪಾಯರು ಬಿಡಂಗಿಲ್ರಿ. ದೂರ ನಿಂತಾಳ."

ಹಿಂದಿನಿಂದ ಇನ್ನೊಬ್ಬಳು, ಈಗ ಬಂದು ಹೆಗಲು ಕೊಡುತ್ತಾನಲ್ಲ ಅವನು ಹೊಲದಿಂದ ಬರುತ್ತಿದ್ದವನು, ಸುಮ್ಮನೆ ದಾರಿಯಲ್ಲಿ ಹೋಗುತ್ತಿದ್ದವನನ್ನು ಹಿಡಿದು ಹೊರಿಸಿದರು ಎಂದು ಹೇಳಿದಳು. ಗಂಡಸರ ಕಡೆಯಿಂದ ಒಬ್ಬರು, ಹಿಂದಿನ ರಾತ್ರಿ ಜೊತೆಗಾರರೆಲ್ಲ ಹೇಗೆ ಕೈಬಿಟ್ಟು ಓಡಿದರೆಂದು ಸೇರಿಸಿದರು. ನಿದ್ದೆ ಹೋದವರೂ ಎದ್ದಿದ್ದರು. ಅವ್ವ ಕೇಳುತ್ತ ಹೋದಳು, ಅವರು ಒಬ್ಬರಾದ ಮೇಲೊಬ್ಬರು ಹೇಳುತ್ತ ಹೋದರು, ತಮ್ಮ ಮಾತಿನಲ್ಲಿ, ತಮ್ಮ ಓಣಿಯಲ್ಲಿ ಮೊನ್ನೆ ನಡೆದದ್ದೆಂಬಂತೆ. ಗೋಡೆಯ ಮೇಲಿನ ನೀಲಿ ಕಣ್ಣಿನವನು ತುಟಿ ಆಡಿಸುತ್ತಿದ್ದ. ಅವನು ಏನು ಹೇಳುತ್ತಿದ್ದಾನೆಂಬುದು ಯಾರಿಗೂ ಬೇಕಿದ್ದಂತೆ ಕಾಣಲಿಲ್ಲ. ಅವನು ಪ್ರಾಣ ಬಿಟ್ಟಾಗ ಕೋಣೆಯಲ್ಲಿ ಹೆಂಗಸರು ಅತ್ತರು. ಅವ್ವನೂ ಅತ್ತಳು. ನಾನು ಮೈಕು ತೊಡೆಯ ಮೇಲಿಟ್ಟುಕೊಂಡು, ಇಲ್ಲಿ ನನ್ನ ಕೆಲಸವೇನು ಎಂದು ಕೂತಿದ್ದೆ.

ಆಮೇಲೆ ಮಾಸ್ತರರ ಅಕ್ಕನ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸಿದರು. ಊಟದ ನಡುವೆ ನಾನು ಮಾಸ್ತರರನ್ನು ಕೇಳಿಯೇಬಿಟ್ಟೆ: ಇವರಿಗೆಲ್ಲ ಕತೆ ನನಗಿಂತ ನೂರು ಪಾಲು ಚೆನ್ನಾಗಿ ಗೊತ್ತಿದೆ, ಹಾಗಿದ್ದ ಮೇಲೆ ನನ್ನನ್ನು ಯಾಕೆ ಕರೆದಿರಿ? ಅವರೂ ಅದನ್ನೇ ಯೋಚಿಸುತ್ತಿದ್ದರೆಂದು ಕಾಣುತ್ತದೆ. ರೊಟ್ಟಿ ಮುರಿಯುತ್ತ, ಕತೆ ಗೊತ್ತಿದೆ ನಿಜ, ಆದರೆ ಅಷ್ಟು ದೂರದ ಮಂದಿ ಅಷ್ಟು ಖರ್ಚು ಮಾಡಿ ಅದನ್ನು ಹೇಗೆ ಹೇಳುತ್ತಾರೆಂದು ಕೇಳುವ ಆಸೆ ಇವರಿಗೆ ಎಂದರು. ಜೇವರ್ಗಿಯಲ್ಲಿ ನಾನು ತಪ್ಪಿ ಆಡಿದ ಮಾತನ್ನು ಆ ಮುದುಕಿ ಈಗಲೂ ಸಿಕ್ಕಿದವರಿಗೆಲ್ಲ ಹೇಳುತ್ತಾಳಂತೆ. ಸಿನಿಮಾದಲ್ಲಿ ಹಾಗಿಲ್ಲವೆಂದು ಸಭಾಪಾಲಕರು ಎಷ್ಟು ಹೇಳಿದರೂ, ತಾನು ಕಿವಿಯಾರೆ ಕೇಳಿದ್ದೇನೆ ಎನ್ನುತ್ತಾಳಂತೆ. ಇದನ್ನು ಹೇಳುವಾಗ ಅವರ ದನಿಯಲ್ಲಿ ಸಿಟ್ಟಿತ್ತೋ ತಮಾಷೆಯಿತ್ತೋ ನನಗೆ ಗೊತ್ತಾಗಲಿಲ್ಲ. ನನ್ನ ತಪ್ಪು ಆ ಊರಿನಲ್ಲಿ ಒಬ್ಬಳ ನಂಬಿಕೆಯಾಗಿ ಉಳಿದಿದೆ ಎಂಬುದಕ್ಕೆ ಹೆದರಬೇಕೋ ಸಂತೋಷಪಡಬೇಕೋ ಅದೂ ಗೊತ್ತಾಗಲಿಲ್ಲ.

ಅಕ್ಕ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ, ಕೊನೆಗೆ ಪ್ರಾಣ ಬಿಡುವಾಗ ಅವನು ಏನೋ ಹೇಳಿದನಲ್ಲ, ಇಂಗ್ಲಿಷಿನಲ್ಲಿ ಅದನ್ನು ಏನೆಂದು ಹೇಳಿದರು ಎಂದು ಕೇಳಿದಳು. ಸತ್ಯವೇದದಲ್ಲಿ ಓದಿದ್ದನ್ನು ಹೇಳಬಹುದಿತ್ತು. ಆದರೆ ಆ ಸಿನಿಮಾದವನು ಅದನ್ನೇ ಹೇಳಿದನೆಂದು ನಾನು ಹೇಗೆ ಹೇಳಲಿ? ಕೇಳಿಸಲಿಲ್ಲ ಎಂದೆ.

"ಹೋಗ್ಲಿ ಬಿಡ್ರಿ," ಎಂದಳು ಅವಳು. "ಸಿನಿಮಾದವರರ ಆವತ್ತ ಅಲ್ಲಿದ್ರೇನು?"

ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂತು, ಅಫಜಲಪುರದ ಹೆಂಗಸರು ಕಟ್ಟಿಕೊಟ್ಟ ಪುಂಡಿಪಲ್ಲೆ ಚೆಲ್ಲದ ಹಾಗೆ ಡಬ್ಬಿಯನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡಿದ್ದಳು. ಆಳಂದಕ್ಕೆ ಇನ್ನೂ ಒಂದು ತಾಸಿನ ದಾರಿ ಇತ್ತು. ಅವರು ನಮ್ಮನ್ನು ತಮ್ಮ ಮತಕ್ಕೆ ಕರೆಯಲಿಲ್ಲವಲ್ಲ ಎಂದು ಅವಳು ಇದ್ದಕ್ಕಿದ್ದಂತೆ ಹೇಳಿದಳು. ಕರೆದಿದ್ದರೆ ಹೋಗುತ್ತಿದ್ದೆಯಾ ಎಂದೆ. ಇಲ್ಲ ಎಂದಳು. ಡಬ್ಬಿಯ ಮುಚ್ಚಳ ಒತ್ತಿ, ಆದರೆ ಒಂದು ಮಾತಿಗಾದರೂ ಕರೆಯಬಹುದಾಗಿತ್ತು ಎಂದಳು. ನಾನು ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡೆ.